ಕಾಯಿಸಿ ಆರಿಸಿ ಕುಡಿಯಿರಿ

ಹೋದ ಬೇಸಿಗೆಯ ಆ ಶನಿವಾರ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೋಟಿಸ್ ಬರೆದಿದ್ದು ನಾನು. ಸಹಿ ಹಾಕಿದ್ದೂ ನಾನು.

ನಾನು ಕುಡಿಯುವ ನೀರಿನ ಲ್ಯಾಬ್‌ನಲ್ಲಿ ಕೆಮಿಸ್ಟ್. ಇದು ಬಯಲುಸೀಮೆಯ ಒಂದು ಸಣ್ಣ ಊರಿನ ಮಾತು. ಅಲ್ಲಿಗೆ ನೀರು ಬರುವುದು ಕೆರೆಯಿಂದ, ಫಿಲ್ಟರ್ ಹೌಸ್ ಮೂಲಕ. ಮೇಲಿನ ಬಡಾವಣೆಗಳ ಚರಂಡಿ, ಹೊಲದ ಗೊಬ್ಬರ ತೊಳೆದು ಬಂದ ನೀರು, ಎಲ್ಲಾ ಅದೇ ಕೆರೆಗೆ. ಏಪ್ರಿಲ್‌ನಲ್ಲಿ ನೀರು ತಳಕ್ಕೆ ಇಳಿದಿತ್ತು, ಬಿಸಿಲು ಸುಡುತ್ತಿತ್ತು. ಪಾಚಿಗೆ ಇನ್ನೇನು ಬೇಕು?

ಶುಕ್ರವಾರ ಬೆಳಿಗ್ಗೆ ವಾಟರ್‌ಮ್ಯಾನ್ ಫೋನ್ ಮಾಡಿದ. ಏರಿ ಪಕ್ಕ ನೀರು ಕುಡಿದ ಎರಡು ಕುರಿ ಸತ್ತಿವೆ ಅಂದ. ನಾನು ಹೋದಾಗ ಗಾಳಿ ಪಾಚಿಯನ್ನೆಲ್ಲ ಏರಿ ಕಡೆಗೆ ತಳ್ಳಿತ್ತು. ಹಸಿರು ಪೇಂಟ್ ಡಬ್ಬಿ ಮಗುಚಿದ ಹಾಗಿತ್ತು. ಒಂದು ಕಡ್ಡಿ ಅದ್ದಿ ಎತ್ತಿದೆ. ನೂಲಿನ ಹಾಗೆ ಜೋತುಬಿದ್ದಿದ್ದರೆ ಸಮಾಧಾನವಾಗುತ್ತಿತ್ತು. ಇದು ಕಡ್ಡಿಗೆ ಬಣ್ಣದಂತೆ ಮೆತ್ತಿಕೊಂಡಿತು. ಬಾಟಲಿಗೆ ತುಂಬಿಕೊಂಡು ಬಂದೆ. ಲ್ಯಾಬ್ ಮೇಜಿನ ಮೇಲೆ ಸ್ವಲ್ಪ ಹೊತ್ತು ಇಟ್ಟಿದ್ದಕ್ಕೇ ಹಸಿರೆಲ್ಲ ಮೇಲೆ ಬಂದು ಕೆನೆ ಕಟ್ಟಿತು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಮೈಕ್ರೋಸಿಸ್ಟಿಸ್, ವಿಷ ಮಾಡಬಲ್ಲ ನೀಲಿ ಹಸಿರು ಪಾಚಿ.

ಶನಿವಾರ ಮಧ್ಯಾಹ್ನ ವಿಷ ಅಳೆಯುವ ಎಲೈಸಾ ಪರೀಕ್ಷೆಯ ರೀಡಿಂಗ್ ಬಂತು. ಮೈಕ್ರೋಸಿಸ್ಟಿನ್ ಅಂದರೆ ಈ ಪಾಚಿ ಮಾಡುವ, ಲಿವರ್‌ಗೆ ಹೊಡೆಯುವ ವಿಷ. ದಿನಾ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 1 ಮೈಕ್ರೋಗ್ರಾಂ. ಊರಿನ ನಲ್ಲಿ ನೀರಿನಲ್ಲೇ ಅದರ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಹಸಿರು ಕಂಡ ಫಿಲ್ಟರ್ ಹೌಸ್‌ನವರು ಕೆರೆ ನೀರಿಗೆ ಮೊದಲೇ ಕ್ಲೋರಿನ್ ಸುರಿದಿದ್ದರು. ಪಾಚಿಯ ಕೋಶಗಳು ಒಡೆದರೆ ಒಳಗಿನ ವಿಷ ನೀರಿಗೆ ಇಳಿಯುತ್ತದೆ. ಕರಗಿದ ವಿಷವನ್ನು ಮರಳಿನ ಬೆಡ್ ಹಿಡಿಯುವುದಿಲ್ಲ.

ನೋಟಿಸ್ ಬರೆಯಲು ಕೂತೆ. ಮೇಲಿನವರ ಫೋನ್ ಬಂತು. ‘ವಿಷ ಅಂತ ಬರೀಬೇಡಿ, ಜನ ಗಾಬರಿ ಆಗ್ತಾರೆ’ ಅಂದರು. ನಾನು ಒಪ್ಪಿಕೊಂಡೆ. ‘ಕೆರೆ ನೀರಿನಲ್ಲಿ ನೀಲಿ ಹಸಿರು ಪಾಚಿ ಕಂಡುಬಂದಿದ್ದು, ಸಾರ್ವಜನಿಕರು ಮುನ್ನೆಚ್ಚರಿಕೆ ವಹಿಸಬೇಕು’ ಅಂತ ಬರೆದೆ. ಉಳಿದದ್ದು ಆಫೀಸಿನ ಹಳೇ ಫಾರ್ಮ್ಯಾಟ್. ಅದರ ಕೊನೆಯ ಸಾಲು: ‘ನೀರನ್ನು ಕಾಯಿಸಿ, ಆರಿಸಿ ಕುಡಿಯಿರಿ.’

ಆ ಸಾಲನ್ನು ನಾನು ಓದಿದೆ, ಓದಿಯೇ ಸಹಿ ಹಾಕಿದೆ. ಚಿಕ್ಕಂದಿನಿಂದ ಆಸ್ಪತ್ರೆ ಗೋಡೆಯ ಮೇಲೆ, ಶಾಲೆಯಲ್ಲಿ, ಮನೆಯಲ್ಲಿ ಕೇಳಿದ ಮಾತು. ಕಾಲರಾಕ್ಕೆ, ಕಾಮಾಲೆಗೆ ಅದು ನೂರಕ್ಕೆ ನೂರು ಸರಿ. ಎಷ್ಟು ಸರಿ ಅಂದರೆ ಅದನ್ನು ಪ್ರಶ್ನೆ ಮಾಡಬೇಕು ಅಂತ ಯಾರಿಗೂ ಅನಿಸುವುದಿಲ್ಲ. ನನಗೂ ಅನಿಸಲಿಲ್ಲ.

ನಾಲ್ಕೂವರೆಗೆ ಮೈಕ್ ಕಟ್ಟಿದ ಆಟೋ ಹೊರಟಿತು. ಹತ್ತು ನಿಮಿಷ ಕಳೆದಿರಬೇಕು. ಲ್ಯಾಬ್ ಅಸಿಸ್ಟೆಂಟ್ ಹುಡುಗ ಆಫೀಸ್ ಕಾಪಿ ಫೈಲ್ ಮಾಡುತ್ತಾ ಕೇಳಿದ: ‘ಮೇಡಂ, ಇದು ಕಾಯಿಸಿದ್ರೆ ಹೋಗುತ್ತಾ?’

ಹೋಗುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಈ ವಿಷ ಕುದಿಸಿದರೆ ಒಡೆಯುವುದಿಲ್ಲ. ನೀರು ಆವಿಯಾಗಿ ಪಾತ್ರೆಯಲ್ಲಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಪಾಚಿ ಕೋಶ ಉಳಿದಿದ್ದರೆ ಅದೂ ಒಡೆದು ಸೇರುತ್ತದೆ. ಕೈಕಾಲು ತಣ್ಣಗಾದವು.

ಡ್ರೈವರ್‌ಗೆ ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೈಕಿನ ಸದ್ದಿನಲ್ಲಿ ಅವನಿಗೆ ಹೇಗೆ ಕೇಳಿಸಬೇಕು? ಹುಡುಗನ ಬೈಕ್ ಹತ್ತಿದೆ. ಮಾರಮ್ಮನ ಗುಡಿ ಬೀದಿ ತಲುಪುವ ಮೊದಲೇ ನನ್ನ ಸಾಲು ನನಗೇ ಕೇಳಿಸಿತು. ಕಾಯಿಸಿ, ಆರಿಸಿ ಕುಡಿಯಿರಿ. ಮತ್ತೆ ಅದೇ. ಬಸ್ ಸ್ಟ್ಯಾಂಡ್ ಹತ್ತಿರ ಆಟೋ ಸಿಕ್ಕಾಗ ಅದು ಆಗಲೇ ನಾಲ್ಕು ಬೀದಿ ಮುಗಿಸಿತ್ತು.

ಆ ನಾಲ್ಕೂ ಬೀದಿಗೆ ವಾಪಸ್ ಹೋದೆವು, ಮನೆ ಮನೆಗೆ. ಒಂದು ಮನೆಯಲ್ಲಿ ಅಜ್ಜಿ ಒಲೆ ಮೇಲೆ ದೊಡ್ಡ ಪಾತ್ರೆ ಇಟ್ಟಿದ್ದರು. ನೀರು ಕುದಿಯುತ್ತಿತ್ತು. ಪಾತ್ರೆ ಅಂಚಿಗೆ ತೆಳು ಹಸಿರು ಗೆರೆ. ಪಕ್ಕದಲ್ಲಿ ಮಗುವಿನ ಹಾಲಿನ ಬಾಟಲಿ ತೊಳೆದು ಬೋರಲು ಹಾಕಿತ್ತು.

‘ಕಾಯಿಸ್ತಾ ಇದೀನಿ ಕಣಮ್ಮ, ಈಗ ತಾನೇ ಮೈಕಲ್ಲಿ ಹೇಳಿದ್ರಲ್ಲ’ ಅಂದರು.

‘ಅಜ್ಜಿ, ಅದು ತಪ್ಪು. ನಾನೇ ತಪ್ಪು ಬರೆದೆ. ಈ ನೀರು ಮಗುಗೆ ಬೇಡ, ನಿಮಗೂ ಬೇಡ. ಕಾಯಿಸಿದ್ರೂ ವಿಷ ಹೋಗಲ್ಲ.’

‘ವಿಷ’ ಅಂದ ತಕ್ಷಣ ಗ್ಯಾಸ್ ಆರಿಸಿದರು. ಗಾಬರಿ ಬೀಳಲಿಲ್ಲ, ಅರಚಾಡಲಿಲ್ಲ. ‘ಮತ್ತೆ ಯಾವ ನೀರು ಕುಡಿಯೋದು?’ ಅಂತ ಒಂದೇ ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ನನ್ನ ನೋಟಿಸ್‌ನಲ್ಲಿ ಇರಲೇ ಇಲ್ಲ! ಟ್ಯಾಂಕರ್ ಎಲ್ಲಿ, ಎಷ್ಟೊತ್ತಿಗೆ ಬರುತ್ತದೆ ಅಂತ ಒಂದು ಸಾಲೂ ಬರೆದಿರಲಿಲ್ಲ.

ಇನ್ನೊಂದು ಮನೆಯ ಜಗಲಿಯಲ್ಲಿ ಕೂತಿದ್ದ ರೈತರೊಬ್ಬರು ಕೇಳಿದರು, ‘ನೀಲಿ ಹಸಿರು ಪಾಚಿ ಅಂದ್ರೆ ಗದ್ದೆಗೆ ಹಾಕೋ ಗೊಬ್ಬರ ಅಲ್ವಾ? ಕೃಷಿ ಇಲಾಖೆಯವರೇ ಹಾಕಿ ಅಂತಾರೆ.’ ಅವರ ಮಾತು ನಿಜ. ಭತ್ತದ ಗದ್ದೆಗೆ ಸಾರಜನಕ ಕೊಡುವ ಪಾಚಿಗೂ ಇದೇ ಹೆಸರು. ನಾನು ಎಚ್ಚರಿಕೆ ಅಂದುಕೊಂಡು ಬರೆದದ್ದು ಅವರಿಗೆ ಒಳ್ಳೇ ಸುದ್ದಿಯ ಹಾಗೆ ಕೇಳಿಸಿತ್ತು.

2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ಇದೇ ವಿಷ ಈರಿ ಸರೋವರದಿಂದ ನಲ್ಲಿಗೆ ಬಂದಿತ್ತು. 4 ಲಕ್ಷಕ್ಕೂ ಜಾಸ್ತಿ ಜನಕ್ಕೆ ಸುಮಾರು ಮೂರು ದಿನ ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಅವರ ಎಚ್ಚರಿಕೆಯಲ್ಲಿ ‘ಕುಡಿಯಬೇಡಿ’ ಅನ್ನುವುದರ ಜೊತೆಗೇ ‘ಕುದಿಸಬೇಡಿ’ ಅಂತಲೂ ಇತ್ತು. ಇದನ್ನು ನಾನು ಟ್ರೈನಿಂಗ್‌ನಲ್ಲಿ ಓದಿದ್ದೆ. ನೋಟಿಸ್ ಬರೆಯುವಾಗ ನೆನಪಿಗೆ ಬರಲಿಲ್ಲ.

ಆರು ಗಂಟೆಗೆ ಆಟೋ ಮತ್ತೆ ಹೊರಟಿತು. ಈ ಸಲ ಮೈಕ್ ನನ್ನ ಕೈಯಲ್ಲಿತ್ತು, ಯಾರನ್ನೂ ಕೇಳಲಿಲ್ಲ. ‘ಕೆರೆಯಲ್ಲಿ ವಿಷದ ಪಾಚಿ ಬಂದಿದೆ. ನಲ್ಲಿ ನೀರು ಕುಡೀಬೇಡಿ, ಅಡುಗೆಗೂ ಬೇಡ. ಕಾಯಿಸಿದ್ರೂ ಹೋಗಲ್ಲ. ಮೊದಲು ಹೇಳಿದ್ದು ತಪ್ಪು. ದನ, ಕುರಿ, ನಾಯಿ ಕೆರೆಗೆ ಬಿಡಬೇಡಿ. ಬೋರ್ ನೀರಿನ ಟ್ಯಾಂಕರ್ ಏಳು ಗಂಟೆಗೆ ಗುಡಿ ಹತ್ತಿರ ಬರುತ್ತೆ.’ ಜನ ಕೊಡ ಹಿಡಿದುಕೊಂಡು ಬಂದು ಸಾಲಾಗಿ ನಿಂತರು. ಯಾವ ಗಲಾಟೆಯೂ ಆಗಲಿಲ್ಲ. ಸೋಮವಾರ ಮೇಲಿನವರಿಂದ ನನಗೆ ಮೆಮೊ ಬಂತು, ‘ವಿಷ’ ಅಂದಿದ್ದಕ್ಕೆ. ತಪ್ಪು ಸಾಲಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಫಾರ್ಮ್ಯಾಟ್ ಬದಲಾಯಿಸಿ ಅಂತ ಮೂರು ಸಲ ಬರೆದುಕೊಟ್ಟಿದ್ದೇನೆ. ಹೋದ ವಾರ ಪಕ್ಕದ ತಾಲ್ಲೂಕಿನ ಕೆರೆಯೊಂದು ಹಸಿರಾಯಿತು. ಅಲ್ಲಿನ ಹೊಸ ಕೆಮಿಸ್ಟ್ ಹುಡುಗಿ ನೋಟಿಸ್ ಡ್ರಾಫ್ಟ್ ನನಗೆ ವಾಟ್ಸಾಪ್ ಮಾಡಿದ್ದಳು. ಕೊನೆಯ ಸಾಲು ಹಾಗೇ ಇತ್ತು. ಆಟೋ ಹೊರಟಿದೆಯಾ ಅಂತ ಕೇಳಲು ತಕ್ಷಣ ಫೋನ್ ಮಾಡಿದೆ. ಇನ್ನೂ ಹೊರಟಿರಲಿಲ್ಲ.