ತೊಟ್ಟಿಲ ಗೋಡೆ ಬರೆಸಿದ ಮೇಷ್ಟ್ರು

ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರು. ಸಂಚಿಕೆಗೆ ಅವರ ನೆನಪಿನಲ್ಲಿ ಏನಾದರೂ ಬರೆದುಕೊಡಿ ಎಂದು ಶಾಲೆಯವರು ಕೇಳಿದರು. ಅವರ ಬಗ್ಗೆ ಬರೆಯುವುದೂ ಒಂದೇ, ಶಾಲೆಯ ಕಾಂಪೌಂಡ್ ಗೋಡೆಯ ಬಗ್ಗೆ ಬರೆಯುವುದೂ ಒಂದೇ. 40 ಅಡಿ ಉದ್ದ, 8 ಅಡಿ ಎತ್ತರದ ಆ ಗೋಡೆಯ ಮೇಲೆ ಒಂದು ವರ್ಷ ಅವರು ನಮ್ಮ ಕೈಯಲ್ಲಿ ತೊಟ್ಟಿಲುಗಳ ಚಿತ್ರ ಬರೆಸಿದರು. ಆ ವರ್ಷ ಬೇರೆ ಯಾವ ಪಾಠ ಆಯಿತೋ ದೇವರಿಗೇ ಗೊತ್ತು. ಗೋಡೆಗೆ ಬಣ್ಣ ಹಚ್ಚುವ ಮೊದಲು ಏನೇನು ಮಾಡಬೇಕು ಅನ್ನುವುದನ್ನು ಮಾತ್ರ ನಮ್ಮ ಬ್ಯಾಚಿನ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ.

ಮೊದಲ ಹದಿನೈದು ದಿನ ಬ್ರಷ್ ಮುಟ್ಟಲು ಬಿಡಲಿಲ್ಲ. ಹುಡುಗರನ್ನು ಜೋಡಿ ಜೋಡಿಯಾಗಿ ಗೋಡೆಯ ಆಚೆಗಿನ ಮನೆಗಳಿಗೆ ಅಟ್ಟಿದರು. ‘ಗೋಡೆಯ ಮೇಲೆ ಏನು ಬರೆಯೋಣ?’ ಅಂತ ಕೇಳಕೂಡದು ಎಂಬುದು ಕಟ್ಟಪ್ಪಣೆ. ಹಾಗೆ ಕೇಳಿದರೆ ಪಾರಿವಾಳ, ಬಾವುಟ, ಕೈಕೈ ಹಿಡಿದ ಮಕ್ಕಳು, ಇಷ್ಟೇ ಬರುತ್ತದೆ. ಬದಲಿಗೆ ‘ನಿಮ್ಮ ಮನೆಯಲ್ಲಿ ಮಗುವನ್ನು ಹೇಗೆ ಮಲಗಿಸುತ್ತಿದ್ದಿರಿ?’ ಎಂದು ಕೇಳಬೇಕು. ಮರದ ತೊಟ್ಟಿಲು, ಹಳೆ ಬಟ್ಟೆಯ ಜೋಲಿ, ಬೆತ್ತದ ಬುಟ್ಟಿ, ಬೆನ್ನಿಗೆ ಬಿಗಿದ ವಸ್ತ್ರ ಎಲ್ಲ ಬಂದವು. ಒಬ್ಬ ಅಜ್ಜಿ ಮಾತೇ ಆಡದೆ ತಮ್ಮ ತೊಡೆ ತಟ್ಟಿ ತೋರಿಸಿದರು. ಹನ್ನೊಂದು ಬಗೆ ಆದವು, ತೊಡೆಯೂ ಸೇರಿ.

ಒಂದೊಂದು ಸಮುದಾಯಕ್ಕೆ ಒಂದೊಂದು ಚೌಕಟ್ಟು ಕೊಟ್ಟು, ಅದರೊಳಗೆ ಅವರವರ ಉಡುಪು, ಅವರವರ ಗುಡಿ ಗೋಪುರ ಬರೆಯುವುದು ಮೇಷ್ಟ್ರಿಗೆ ಆಗದು. ಅದು ಸಂತೆಯ ಅಂಗಡಿ ಸಾಲು ಆಗುತ್ತದೆ, ನನ್ನ ಅಂಗಡಿ ಚಿಕ್ಕದಾಯಿತು ಅಂತ ಜಗಳವೂ ಶುರುವಾಗುತ್ತದೆ ಅನ್ನುತ್ತಿದ್ದರು. ಎಲ್ಲರೂ ಮಾಡುವ ಒಂದು ಕೆಲಸ ಹಿಡಿ, ಅದನ್ನು ಒಬ್ಬೊಬ್ಬರು ಒಂದೊಂದು ಥರ ಮಾಡುವುದನ್ನು ತೋರಿಸು. ಬದುಕಿರುವವರ ಮುಖ ಬರೆಯುವ ಹಾಗಿಲ್ಲ, ಬರೀ ಕೈಗಳು. ಒಂದೊಂದು ತೊಟ್ಟಿಲ ಚಿತ್ರದ ಕೆಳಗೂ, ಮಗುವನ್ನು ಮಲಗಿಸುವಾಗ ಆಡುವ ಮಾತು ಆ ಮನೆಯ ಭಾಷೆಯಲ್ಲಿ, ಆ ಮನೆಯವರೇ ಕಾಗದದ ಮೇಲೆ ಬರೆದುಕೊಟ್ಟ ಅಕ್ಷರದಲ್ಲೇ ಇರಬೇಕು. ಲಿಪಿ ಬಾರದವರು ನೋಡಿ ನಕಲು ಮಾಡುವಾಗ ಚುಕ್ಕೆ, ಒತ್ತು ಅತ್ತಿತ್ತ ಆಗಿಬಿಡುತ್ತವೆ. ಆದ್ದರಿಂದ ಸೀಮೆಸುಣ್ಣದಲ್ಲಿ ಬರೆದಾಗಲೇ ಆ ಭಾಷೆ ಓದಬಲ್ಲ ಇಬ್ಬರನ್ನು ಕರೆತಂದು ಓದಿಸುವುದು. ಬಣ್ಣ ಕೂತ ಮೇಲೆ ತಪ್ಪು ಕಂಡರೆ ಯಾರ ಭಾಷೆಯೋ ಅವರು ಮತ್ತೆ ಆ ಗೋಡೆಯ ಕಡೆ ನೋಡುವುದಿಲ್ಲ.

ಆಮೇಲೆ ಗೋಡೆಯ ಪರೀಕ್ಷೆ. ತೇವ ಇದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಮೂರು ಪ್ಲಾಸ್ಟಿಕ್ ಹಾಳೆಗಳನ್ನು ಗೋಡೆಯ ಮೂರು ಜಾಗದಲ್ಲಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಟ್ಟೆವು. ಎರಡು ಹಾಳೆ ಒಣಗಿದ್ದವು. ಮೂರನೆಯದರ ಒಳಗೆ ಹನಿ ಕಟ್ಟಿತ್ತು. ಗೋಡೆಯ ಹಿಂದೆ ನೀರಿನ ತೊಟ್ಟಿ ಸೋರುತ್ತಿತ್ತು. ಅದು ರಿಪೇರಿಯಾಗಿ ಗಾರೆ ಒಣಗುವವರೆಗೆ ಒಂದು ತಿಂಗಳು ಕೆಲಸ ನಿಂತಿತು. ಹಸಿ ಗೋಡೆಗೆ ಬಳಿದರೆ ಒಳಗಿನ ನೀರು ಉಪ್ಪನ್ನು ಹೊತ್ತು ಹೊರಗೆ ಬರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹಕ್ಕಳೆ ಎಬ್ಬಿಸುತ್ತದೆ. ಹೊಸ ಗಾರೆಗೂ 28 ದಿನ ಬಿಡಲೇಬೇಕು. ಕ್ಷಾರ ಇಳಿಯದಿದ್ದರೆ ಕೆಲವು ಕೆಂಪು, ಹಳದಿಗಳು ಒಂದೇ ವರ್ಷಕ್ಕೆ ಸುಟ್ಟಂತಾಗುತ್ತವೆ. ಗೋಡೆಯ ತಲೆಯ ಮೇಲೆ ಎರಡು ಇಂಚು ಮುಂದಕ್ಕೆ ಚಾಚಿದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಅದರ ಅಡಿಗೆ ನೀರು ಹರಿದು ಬರದಂತೆ ಗೀರು ಎಳೆಸಿದರು. ಬಯಲಿನ ಚಿತ್ರವನ್ನು ಕೊಲ್ಲುವುದು ಬಿಸಿಲಿಗಿಂತ ಹೆಚ್ಚಾಗಿ ಮೇಲಿನಿಂದ ಇಳಿಯುವ ನೀರು. ಈ ಗೀರಿನ ಮಹತ್ವ ಇವತ್ತಿಗೂ ಎಷ್ಟೋ ಕಲಾವಿದರಿಗೆ ಗೊತ್ತಿಲ್ಲ.

ಲೆಕ್ಕ ಹೀಗಿತ್ತು. 320 ಚದರಡಿ. ನುಣುಪು ಗೋಡೆಯಾದರೆ ಒಂದು ಲೀಟರ್ ಬಣ್ಣ ಒಂದು ಕೋಟ್‌ಗೆ ಸುಮಾರು 100 ಚದರಡಿ ಹಿಡಿಸುತ್ತದೆ, ಒರಟು ಗಾರೆಗೆ 70 ಎಂದು ಹಿಡಿಯಬೇಕು. ಹಾಗಾಗಿ ಬಣ್ಣದ ಅಡಿಗೆ ಬಳಿಯುವ ಪ್ರೈಮರ್ 5 ಲೀಟರ್. ಚಿತ್ರಕ್ಕೆ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಎರಡು ಕೋಟ್. ಒಳಗೋಡೆಗೆ ಬಳಿಯುವ ಡಿಸ್ಟೆಂಪರ್ ಮಳೆಗೆ ನಿಲ್ಲದು.

ಕಾಗದದ ಮೇಲೆ 40 ಇಂಚಿನ ಚಿತ್ರ, ಒಂದು ಇಂಚಿಗೆ ಗೋಡೆಯ ಮೇಲೆ ಒಂದು ಅಡಿ. ದಾರಕ್ಕೆ ನೀಲಿ ಪುಡಿ ಹಚ್ಚಿ ಎಳೆದು ಚಿಮ್ಮಿಸಿ ಚೌಕ ಹಾಕುವುದು. ಕೆಂಪು ಪುಡಿ ಬೇಡ, ಒರೆಸಿದರೂ ಹೋಗದೆ ಮೇಲಿನ ತಿಳಿ ಬಣ್ಣದಲ್ಲಿ ಇಣುಕುತ್ತದೆ. ಯಾವ ಚೌಕ ಎಲ್ಲಿಯದು ಎಂದು ತಿಳಿಯಲು ಮೇಲುಗಡೆ ಉದ್ದಕ್ಕೂ ಅಕ್ಷರ, ಪಕ್ಕದಲ್ಲಿ ಅಂಕಿ. ಇಲ್ಲೇ ನಮ್ಮ ಹಿಂದಿನ ಬೆಂಚಿನವರು ಕಿತಾಪತಿ ಮಾಡಿದ್ದು. ಬೆಳಗಿನ ತಂಡ ಮೇಲಿನ ನಾಲ್ಕು ಸಾಲು ಎಳೆದು ಹೋದ ಮೇಲೆ, ಊಟದ ಬಿಡುವಿನಲ್ಲಿ ‘ಉ’ದಿಂದ ಮುಂದಿನ ಅಕ್ಷರಗಳನ್ನು ಒರೆಸಿ ಒಂದೊಂದು ಚೌಕ ಸರಿಸಿ ಬರೆದರು. ಮಧ್ಯಾಹ್ನದ ತಂಡ ಪಾಪ ಅದನ್ನೇ ನಂಬಿ ಕೆಳಗಿನದನ್ನು ಎಳೆಯಿತು. ಮೂತಿ ಗೋಡೆಗೆ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇಂಥದ್ದು ಕಾಣಿಸುವುದೇ ಇಲ್ಲ, ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಂತರೆ ಮಾತ್ರ ಕಾಣುವುದು. ಏಳನೆಯ ತೊಟ್ಟಿಲಿನ ಹಗ್ಗ ನಡುವೆ ಮುರಿದು, ತೊಟ್ಟಿಲು ಒಂದು ಅಡಿ ಪಕ್ಕದಲ್ಲಿ ನೇತಾಡುತ್ತಿತ್ತು.

ಮೇಷ್ಟ್ರು ಬೈಯಲಿಲ್ಲ. ಮಿಕ್ಕಿದ್ದನ್ನೆಲ್ಲ ಒರೆಸಿ ಮತ್ತೆ ಎಳೆಸಿದರು. ಈ ಹಗ್ಗವನ್ನು ಮಾತ್ರ ಉಳಿಸಿಕೊಂಡು, ಮುರಿದ ಕಡೆ ಓರೆಯಾಗಿ ಜೋಡಿಸಿ, ಅಲ್ಲೊಂದು ಪುಟ್ಟ ಕೈ ಬರೆದರು. ಅಕ್ಕನೋ ಅಣ್ಣನೋ ಹಗ್ಗ ಜಗ್ಗಿ ತೂಗುತ್ತಿರುವ ಹಾಗೆ. ಇಡೀ ಗೋಡೆಯಲ್ಲಿ ಅಲುಗಾಡುತ್ತಿರುವುದು ಆ ತೊಟ್ಟಿಲು ಒಂದೇ.

ಬಣ್ಣ ಹಚ್ಚಲು ಬೀದಿಯವರೆಲ್ಲ ಬಂದರು. ಗೆರೆಯೊಳಗೆ ನಂಬರು, ಅದೇ ನಂಬರಿನ ಮುಚ್ಚಳದ ಡಬ್ಬಿ. ಕೆಳಗೆ ಮಕ್ಕಳು, ನಡುವೆ ದೊಡ್ಡವರು, ಅಟ್ಟಣಿಗೆ ಮೇಲೆ ಪಳಗಿದವರು ಮಾತ್ರ. ಒಂದೊಂದು ಬಣ್ಣವನ್ನೂ ಬೇಕಾದಷ್ಟು ಒಂದೇ ಸಲ ಕಲಸಿಡಬೇಕು, ಎರಡನೆಯ ಸಲ ಅದೇ ಛಾಯೆ ಸಿಗುವುದಿಲ್ಲ. ಅತಿಯಾಗಿ ನೀರು ಬೆರೆಸಿದರೆ ಅಂಟು ಸಡಿಲವಾಗಿ, ವರ್ಷ ಕಳೆದ ಮೇಲೆ ಅಂಗೈಗೆ ಪುಡಿ ಹತ್ತುತ್ತದೆ. ಬಿಸಿಲು ಬಿದ್ದ ಕಡೆ ಬಿಟ್ಟು ನೆರಳಿನ ಹಿಂದೆ ಸರಿಯುತ್ತಾ ಹೋಗಬೇಕು. ಕೊನೆಯ ಎರಡು ದಿನ ಪಳಗಿದ ನಾಲ್ಕು ಕೈಗಳು ಗೆರೆ ತಿದ್ದಿದವು. ಆ ನಾಲ್ಕರಲ್ಲಿ ಎರಡು ನಮ್ಮ ತರಗತಿಯವು ಎಂದು ಇಲ್ಲಿ ಹೇಳದಿದ್ದರೆ ಬ್ಯಾಚಿನವರು ಸುಮ್ಮನಿರುವುದಿಲ್ಲ.

ಹೀಗೆ ಕೂಡಿ ಬರೆಯುವುದು ಮೇಷ್ಟ್ರ ಹುಚ್ಚೇನೂ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಲಾವಿದೆ ಜೂಡಿ ಬಾಕಾ 1976ರಲ್ಲಿ ಒಂದು ಪ್ರವಾಹ ಕಾಲುವೆಯ ಗೋಡೆ ಹಿಡಿದರು. ಬೇಸಿಗೆಯಿಂದ ಬೇಸಿಗೆಗೆ ನಾನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಸೇರಿ, ಪಠ್ಯದಲ್ಲಿಲ್ಲದ ಜನರ ಚರಿತ್ರೆಯನ್ನು ಅರ್ಧ ಮೈಲಿ ಉದ್ದಕ್ಕೆ ಬರೆದರು. ಇನ್ನೊಂದು ಸಂಗತಿ ಮೇಷ್ಟ್ರು ನಿವೃತ್ತರಾದ ಮೇಲೂ ಹೇಳುತ್ತಿದ್ದರು. ದಿಲ್ಲಿಯ ವಿಜ್ಞಾನ ಭವನಕ್ಕೆ ಶಿಲ್ಪಿ ಅಮರನಾಥ್ ಸೆಹಗಲ್ ಮಾಡಿದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕೇಳದೆ ಕಿತ್ತು ಉಗ್ರಾಣಕ್ಕೆ ಹಾಕಿದರು. ದಿಲ್ಲಿ ಹೈಕೋರ್ಟ್ 2005ರಲ್ಲಿ ಕಲಾವಿದರ ಪರ ತೀರ್ಪು ಕೊಟ್ಟು, ಶಿಲ್ಪದಲ್ಲಿ ಉಳಿದ ಭಾಗವನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಗೋಡೆ ಯಾರದು, ಎಷ್ಟು ವರ್ಷ ಇರುತ್ತದೆ, ಕೆಟ್ಟರೆ ಯಾರು ತಿದ್ದುತ್ತಾರೆ, ತೆಗೆಯುವ ಮೊದಲು ಯಾರಿಗೆ ಹೇಳಬೇಕು, ಈ ನಾಲ್ಕನ್ನೂ ಕಾಗದದ ಮೇಲೆ ಬರೆಸಿಕೊಳ್ಳದೆ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ.

ಈಗ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದಾರಂತೆ. ಶಾಲೆಗಳ ಗೋಡೆಗೆ ಗುತ್ತಿಗೆದಾರರು ಬಂದು ಮೂರು ದಿನದಲ್ಲಿ ಅದೇ ಪಾರಿವಾಳ, ಅದೇ ಘೋಷಣೆ ಬಳಿದು ಹೋಗುತ್ತಾರೆ. ಮಕ್ಕಳು ತರಗತಿಯ ಕಿಟಕಿಯಿಂದ ನೋಡುತ್ತಾರೆ.

ತೊಟ್ಟಿಲ ಗೋಡೆಗೆ ಮತ್ತೆ ಬಣ್ಣ ಕಾಣಿಸುವ ಆಲೋಚನೆ ಇದೆ ಎಂದು ಕೇಳಿದೆವು. ಬಲಗಡೆ ಕೆಳಗಿನ ಎರಡು ಅಡಿಯಲ್ಲಿ ಬಿಳಿ ಉಪ್ಪು ಎದ್ದಿದೆ. ತೊಟ್ಟಿ ಮತ್ತೆ ಸೋರುತ್ತಿರಬೇಕು, ಮೊದಲು ಅದನ್ನು ನೋಡಿಸಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉದುರಿಸಬೇಕು. ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ. ಡ್ರಾಯಿಂಗ್ ರೂಮಿನ ಬೀರುವಿನಲ್ಲಿ ಮೇಷ್ಟ್ರು ನಂಬರು ಹಚ್ಚಿಟ್ಟ ಶೀಸೆಗಳಿವೆ. ಬಣ್ಣ ಗಟ್ಟಿಯಾಗಿದ್ದರೂ ಛಾಯೆ ಹೊಂದಿಸಲು ಸಾಕು. ಏಳನೆಯ ತೊಟ್ಟಿಲಿನ ಹಗ್ಗ ಓರೆಯಾಗಿದೆ ಅಂತ ಯಾರಾದರೂ ನೇರ ಮಾಡಲು ಹೋದಾರು, ಪೇಂಟರಿಗೆ ಮೊದಲೇ ಹೇಳಿಡಿ.