ಕಾಲು ತೆಗೆದರೆ ಓಡುವ ವ್ಯಾನ್

‘ಕಾಲು ತೆಗೆದರೆ ಗಾಡಿ ಓಡುತ್ತೆ.’

ನಮ್ಮ ವರ್ಕ್‌ಶಾಪಿಗೆ ರಿಪೇರಿಗೆ ಬಂದ ಗಾಡಿಯ ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರು ಅಂತ ಇದ್ದದ್ದು ಇಷ್ಟೇ. ಫ್ರಂಟ್ ಆಫೀಸಿನವರು ಕಿವಿಗೆ ಬಿದ್ದದ್ದನ್ನು ಹಾಗೇ ಟೈಪ್ ಮಾಡಿದ್ದರು. ರಿಪೇರಿ ಬೇ ಹತ್ತಿರ ನಿಂತಿದ್ದ ನಾವು ಮೂವರು ಮೆಕ್ಯಾನಿಕ್‌ಗಳೂ ಓದಿ ನಕ್ಕೆವು. ಆಕ್ಸಲರೇಟರ್ ಮೇಲೆ ಕಾಲು ಇಟ್ಟರೆ ತಾನೇ ಗಾಡಿ ಓಡೋದು?

ನಕ್ಕವರಲ್ಲಿ ನಾನೇ ಮೊದಲು. ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಗಾಡಿ ಎರಡು ವರ್ಷದ ಕ್ಯಾಂಪರ್ ವ್ಯಾನ್. ಡೀಸೆಲ್ ಎಂಜಿನ್, ಏಳು ಗೇರಿನ ಡ್ಯುಯಲ್ ಕ್ಲಚ್ ಡಬ್ಬ (ಎರಡು ಕ್ಲಚ್ ಇರುವ, ತಾನೇ ಗೇರು ಬದಲಿಸುವ ಗೇರ್‌ಬಾಕ್ಸ್), ಮೇಲೆತ್ತುವ ಛಾವಣಿ, ಒಳಗೆ ಒಲೆ, ಹಾಸಿಗೆ, ನೀರಿನ ಟ್ಯಾಂಕ್, ಎಲ್ಲಾ ಇದೆ. ಗಂಡ ಹೆಂಡತಿ ಇಬ್ಬರೂ ಓಡಿಸುತ್ತಾರೆ. ದೂರು ಹೆಂಡತಿಯದ್ದು, ಗಾಡಿ ತಂದದ್ದು ಗಂಡ. “ನನಗಂತೂ ಏನೂ ಗೊತ್ತಾಗಿಲ್ಲ. ಅವಳು ಹೇಳ್ತಾಳೆ, ಒಂದ್ಸಲ ನೋಡಿಬಿಡಿ” ಅಂದು ಕೀ ಕೊಟ್ಟು ಹೋದರು.

ಸ್ಕ್ಯಾನರ್ ಹಾಕಿದೆ. ಗಾಡಿಯ ಕಂಪ್ಯೂಟರ್ ದೋಷಗಳನ್ನು ಬರೆದಿಡುವ ಫಾಲ್ಟ್ ಮೆಮೊರಿ ಖಾಲಿ. 20 ಕಿಲೋಮೀಟರ್ ಓಡಿಸಿದೆ. ಕಾಲು ತೆಗೆದಾಗಲೆಲ್ಲ ಎಂಜಿನ್ ಗಾಡಿಯನ್ನು ಹಿಡಿದು ವೇಗ ತಗ್ಗಿಸಿತು, ಗೇರು ಒಂದೊಂದಾಗಿ ಇಳಿಯಿತು. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕ್ಲೋಸ್ ಮಾಡಿದೆ. ಬರೆಯದೆ ಬಾಯಲ್ಲಿ ಹೇಳಿದ ಮಾತು ಬೇರೆ ಇತ್ತು. “ಇಷ್ಟು ದೊಡ್ಡ ಗಾಡಿ ಓಡಿಸಿ ಅಭ್ಯಾಸ ಇರಲ್ಲ, ಭಯ ಆಗಿರುತ್ತೆ.” ಸರ್ವಿಸ್ ಅಡ್ವೈಸರ್ ತಲೆ ಆಡಿಸಿದ.

ನಾಲ್ಕು ದಿನಕ್ಕೆ ಗಾಡಿ ಕಮ್‌ಬ್ಯಾಕ್. ಈ ಸಲ ಮೇಡಂ ಅವರೇ ತಂದಿದ್ದರು. “ನೀವು ನನ್ನ ಪಕ್ಕ ಕೂತ್ಕೊಳ್ಳಿ, ತೋರಿಸ್ತೀನಿ” ಅಂದರು. ಹತ್ತೇ ನಿಮಿಷದ ಕೆಲಸ. ಆದರೆ ಆ ದಿನ ಬೋರ್ಡಿನಲ್ಲಿ ಒಂಬತ್ತು ಗಾಡಿ ಇದ್ದವು. ಗ್ರಾಹಕರ ಜೊತೆ ರೋಡ್ ಟೆಸ್ಟ್ ಹೋದರೆ ಆ ಹೊತ್ತು ಯಾವ ಲೇಬರ್ ಕೋಡಿಗೂ, ಅಂದರೆ ಕೂಲಿ ಲೆಕ್ಕಕ್ಕೂ, ಸೇರುವುದಿಲ್ಲ. ಮ್ಯಾನೇಜರ್ ದೂರದಿಂದಲೇ ನನ್ನ ಮುಖ ನೋಡಿದರು. “ಗಾಡಿ ಬಿಟ್ಟು ಹೋಗಿ ಮೇಡಂ, ನಾವು ನೋಡ್ತೀವಿ” ಅಂದುಬಿಟ್ಟೆ.

ಮಧ್ಯಾಹ್ನ ಜೂನಿಯರ್ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಅವನ ತೊಡೆ ಮೇಲೆ ಲ್ಯಾಪ್‌ಟಾಪ್, ಲೈವ್ ಡೇಟಾ ಓಡುತ್ತಿತ್ತು. ಊರಾಚೆ ರಸ್ತೆ ನೇರವಾಗಿ, ಸಣ್ಣಗೆ ಇಳಿಜಾರಾಗಿ ಎರಡು ಕಿಲೋಮೀಟರ್ ಹೋಗುತ್ತದೆ. ಕಣ್ಣಿಗೆ ಇಳಿಜಾರು ಅಂತ ಅನ್ನಿಸುವುದೂ ಇಲ್ಲ. 80ರ ವೇಗದಲ್ಲಿದ್ದಾಗ ಕಾಲು ತೆಗೆದೆ.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು 1,500ರಿಂದ 850ಕ್ಕೆ ಬಿದ್ದಿತು. ಎಂಜಿನ್ ಸದ್ದೇ ಅಡಗಿತು. ಗಾಡಿ ಮಾತ್ರ ಹಾಗೇ ಹೋಗುತ್ತಿದೆ. 80. ಸ್ವಲ್ಪ ಹೊತ್ತಿಗೆ 81.

“ಅಣ್ಣ, ಎರಡೂ ಕ್ಲಚ್ ಪ್ರೆಶರ್ ಝೀರೋ!”

ಅಂದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ.

“ಲಾಗ್ ಆಗ್ತಿದ್ಯಾ, ಎಲ್ಲಾ ರೆಕಾರ್ಡ್ ಆಗ್ತಿದ್ಯಾ ನೋಡು.”

ಮುಂದೆ ಒಂದು ಲಾರಿ ನಿಧಾನಕ್ಕೆ ಹೋಗುತ್ತಿತ್ತು. ಬ್ರೇಕ್ ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಲಾಗಿನಲ್ಲಿ ಬ್ರೇಕ್ ಸಿಗ್ನಲ್ ಸೇರಿಕೊಂಡರೆ ಗ್ರಾಫ್ ಗಲೀಜಾಗುತ್ತದೆ, ಟೆಕ್ನಿಕಲ್ ಸಪೋರ್ಟಿನವರು ಅದನ್ನೇ ನೆಪ ಮಾಡಿ ವಾರಂಟಿ ಕ್ಲೇಮ್ ವಾಪಸ್ ಕಳಿಸುತ್ತಾರೆ ಅನ್ನೋದು ನನ್ನ ತಲೆಯಲ್ಲಿ. ಹಿಂದೆ ಪಾತ್ರೆ ಡ್ರಾಯರ್ ಗಲಗಲ ಅನ್ನುತ್ತಿತ್ತು. ಟ್ಯಾಂಕಿನ ನೀರು ಅತ್ತಿತ್ತ ತುಳುಕುವುದು ಕೇಳುತ್ತಿತ್ತು. ಎಂಜಿನ್ ಸದ್ದಿರುವಾಗ ಅದೆಲ್ಲ ಕೇಳಿಸುವುದೇ ಇಲ್ಲ. 82. ಗೇರ್ ಲಿವರ್ ತೆಗೆದು ಎನ್‌ಗೆ (ನ್ಯೂಟ್ರಲ್) ಹಾಕಿ ಮತ್ತೆ ಡಿಗೆ (ಡ್ರೈವ್) ತಂದೆ, ಹಿಡಿದುಕೊಳ್ಳಲಿ ಅಂತ. ಒಂದು ಗಳಿಗೆ ಹಿಡಿದ ಹಾಗೆ ಆಯಿತು, ಮತ್ತೆ 850. ಲಾರಿಯ ಹಿಂದಿನ ನಂಬರ್ ಪ್ಲೇಟ್ ಈಗ ಓದಲು ಬರುತ್ತಿತ್ತು.

“ಅಣ್ಣ...” ಅಂದ ಹುಡುಗ. ಈ ಸಲ ಅವನು ಲ್ಯಾಪ್‌ಟಾಪ್ ನೋಡುತ್ತಿರಲಿಲ್ಲ.

ಬ್ರೇಕ್ ಒತ್ತಿದೆ. ಒತ್ತಿದ ತಕ್ಷಣ ಮುಳ್ಳು 1,600ಕ್ಕೆ ಏರಿತು, ಸಣ್ಣದೊಂದು ಜಗ್ಗು, ಎಂಜಿನ್ ಗಾಡಿಯನ್ನು ಹಿಡಿದುಕೊಂಡಿತು. ಪಕ್ಕಕ್ಕೆ ನಿಲ್ಲಿಸಿ ಇಬ್ಬರೂ ಸುಮ್ನೆ ಕೂತೆವು. ನನ್ನ ಅಂಗೈ ಒದ್ದೆಯಾಗಿತ್ತು. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಗಿತ್ತು. ರೋಗ ಸಿಕ್ಕಿತಲ್ಲ!

ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತಿದೆ, ಬ್ರೇಕ್ ಒತ್ತಿದರೆ ಮಾತ್ರ ಹಿಡಿಯುತ್ತದೆ. ಕ್ಲಚ್, ಗೇರು ನಡೆಸುವ ಕಂಟ್ರೋಲ್ ಯೂನಿಟ್, ಮೆಕಾಟ್ರಾನಿಕ್, ಹೋಗಿದೆ. ಲಾಗಿನಲ್ಲಿ ಇದ್ದ ಒಂದೊಂದು ಗೆರೆಯೂ ನನ್ನ ಮಾತಿಗೆ ಹೂಂಗುಟ್ಟುವಂತಿತ್ತು. ಫಾಲ್ಟ್ ಮೆಮೊರಿ ಮಾತ್ರ ಈಗಲೂ ಖಾಲಿ. ಆ ಒಂದು ವಿಷಯವನ್ನು ‘ಇಂಟರ್‌ಮಿಟೆಂಟ್’ (ಆಗೀಗ ಬಂದು ಹೋಗುವ ದೋಷ) ಅನ್ನೋ ಪದದ ಕೆಳಗೆ ತಳ್ಳಿಬಿಟ್ಟೆ. ನಮ್ಮ ಕೆಲಸದಲ್ಲಿ ಆ ಪದದಷ್ಟು ಅನುಕೂಲದ ಪದ ಇನ್ನೊಂದಿಲ್ಲ.

ಮೇಡಂಗೆ ಫೋನ್ ಮಾಡಿ ಗೇರ್‌ಬಾಕ್ಸ್ ಕೆಲಸ, ಪಾರ್ಟ್ ಬರಲು ಹತ್ತು ದಿನ ಅಂದೆ. ಅವರು ಅದೇ ವಾರಾಂತ್ಯ ಹೊರಡುವವರಿದ್ದರು, ಪ್ರವಾಸ ರದ್ದು ಮಾಡಿದರು. ನಾನು ಗೇರ್‌ಬಾಕ್ಸಿನ ಬೇಸಿಕ್ ಸೆಟ್ಟಿಂಗ್ ಮಾಡಿದೆ, ಅದು ಕಲಿತಿಟ್ಟುಕೊಂಡಿದ್ದ ಅಡಾಪ್ಟೇಶನ್ ಅಳಿಸಿ ಮತ್ತೆ ಕಲಿಸಿದೆ. ಮತ್ತೆ ಓಡಿಸಿದರೆ ಅದೇ ಕಥೆ. ಅರ್ಧ ದಿನ ಹೋಯಿತು.

ಮೂರನೇ ದಿನ ಸಂಜೆ ಆ ಗ್ರಾಫ್ ಸ್ಕ್ರೀನಿನ ಮೇಲೆ ಹಾಗೇ ಇತ್ತು. ಲಾರಿ ವರ್ಕ್‌ಶಾಪಿನಿಂದ ನಮ್ಮಲ್ಲಿಗೆ ಬಂದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಮಾತು ಕಮ್ಮಿ. ಕೈ ಒರೆಸಿಕೊಳ್ಳುತ್ತಾ ಹಿಂದೆ ಬಂದು ನಿಂತರು.

“ಇದು ಐ-ರೋಲ್ ಅಲ್ವೇನೋ?”

“ಏನ್ ರೋಲ್?”

“ವೋಲ್ವೊ ಲಾರೀಲಿ ಐ-ರೋಲ್ ಅಂತಾರೆ, ಸ್ಕೇನಿಯಾದಲ್ಲಿ ಇಕೋ-ರೋಲ್. ಕಾಲು ತೆಗೆದ್ರೆ ಡಬ್ಬ ತಾನೇ ಬಿಟ್ಕೊಡುತ್ತೆ, ಗಾಡಿ ಉರುಳಲಿ ಅಂತ. ನೀನು ಯಾವ ಮೋಡಲ್ಲಿ ಓಡಿಸ್ದೆ?”

ಮೋಡ್ ಬಟನ್ ನಾನು ಮುಟ್ಟಿರಲೇ ಇಲ್ಲ. ಹಾಗಂತ ಅವರಿಗೆ ಹೇಳಿಯೂಬಿಟ್ಟೆ, ಏನೋ ಸಾಧನೆ ಮಾಡಿದವನ ಹಾಗೆ. ಅವರು ಏನೂ ಹೇಳಲಿಲ್ಲ. ಹೋಗಿ ಇಗ್ನಿಷನ್ ಆನ್ ಮಾಡಿದೆ. ಸ್ಕ್ರೀನಿನ ಮೂಲೆಯಲ್ಲಿ ಮೇಡಂ ಹೆಸರಿನ ಪ್ರೊಫೈಲ್, ಅದರ ಕೆಳಗೆ ಹಸಿರು ಅಕ್ಷರದಲ್ಲಿ ‘ಇಕೋ’, ಡೀಸೆಲ್ ಉಳಿಸುವ ಮೋಡ್. ಈ ಗಾಡಿ ಪ್ರತಿ ಕೀಗೂ ಬೇರೆ ಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ. ಗಂಡನ ಕೀಯಲ್ಲಿ ನಾರ್ಮಲ್, ಹೆಂಡತಿಯ ಕೀಯಲ್ಲಿ ಇಕೋ. ಮೊದಲ ಸಲ ನಾನು ಓಡಿಸಿದ್ದು ಗಂಡನ ಕೀಯಲ್ಲಿ. ಹಾಗಾಗಿ ಅವರಿಗೂ ಏನೂ ಗೊತ್ತಾಗಿರಲಿಲ್ಲ, ನನಗೂ ಇಲ್ಲ.

ಆ ರಾತ್ರಿ ಮನೆಗೆ ಹೋಗುವ ಮುಂಚೆ ಹ್ಯಾಂಡ್‌ಬುಕ್ ತೆಗೆದೆ. ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇತ್ತು. ಅವರೂ ತೆಗೆದಿರಲಿಲ್ಲ, ನಾನೂ ತೆಗೆದಿರಲಿಲ್ಲ. ಅದರಲ್ಲಿ ಓದಿದ್ದನ್ನು ಮಾರನೇ ದಿನ ಅದೇ ರಸ್ತೆಯಲ್ಲಿ ಒಂದೊಂದಾಗಿ ಮಾಡಿ ನೋಡಿದೆ. ಇಕೋ ಇದ್ದು, ಲಿವರ್ ಡಿಯಲ್ಲಿದ್ದು, ಕಾಲು ಪೂರ್ತಿ ತೆಗೆದರೆ ಎರಡೂ ಕ್ಲಚ್ ತೆರೆದುಕೊಳ್ಳುತ್ತವೆ. ಎಂಜಿನ್ ಐಡಲ್‌ಗೆ, ಅಂದರೆ ನಿಂತ ಗಾಡಿಯಲ್ಲಿ ತಿರುಗುವಷ್ಟು ಕನಿಷ್ಠ ವೇಗಕ್ಕೆ, ಬರುತ್ತದೆ. ಡ್ಯಾಶಿನಲ್ಲಿ ‘ಡಿ’ ಪಕ್ಕದ ಗೇರ್ ಸಂಖ್ಯೆ ಮಾಯವಾಗುತ್ತದೆ. ಇಷ್ಟು ದಿನ ಕಣ್ಣ ಮುಂದೆಯೇ ಇದ್ದ ಸುಳಿವು ಅದು. ಬ್ರೇಕ್ ಮುಟ್ಟಿದರೆ, ಆಕ್ಸಲರೇಟರ್ ಒತ್ತಿದರೆ, ಸ್ಟಿಯರಿಂಗ್ ಹಿಂದಿನ ಗೇರ್ ಪ್ಯಾಡಲ್ ಎಳೆದರೆ ಅಥವಾ ಲಿವರನ್ನು ಎಸ್‌ಗೆ (ಸ್ಪೋರ್ಟ್) ತಂದರೆ ಎಂಜಿನ್ ಮತ್ತೆ ಸೇರಿಕೊಳ್ಳುತ್ತದೆ. ಕಡಿದಾದ ಇಳಿಜಾರಿನಲ್ಲಿ ತಾನಾಗೇ ಬಿಟ್ಟುಕೊಡುವುದಿಲ್ಲ. ನಾನು ಹೆದರಿದ ಜಾಗ ಅಷ್ಟು ಕಡಿದಾಗಿರಲಿಲ್ಲ, ಅದಕ್ಕೇ ಉರುಳಲು ಬಿಟ್ಟಿತ್ತು.

ವೇಗ ಇಳಿಯದೆ ಇದ್ದದ್ದಕ್ಕೂ ದೆವ್ವ ಭೂತ ಬೇಕಿಲ್ಲ. ಸಾಮಾನು ತುಂಬಿದ ವ್ಯಾನ್ 3,000 ಕೆಜಿ ಆಸುಪಾಸು. 100 ಲೀಟರ್ ನೀರು ಅಂದರೆ ಅಲ್ಲೇ 100 ಕೆಜಿ. ಅಷ್ಟು ಭಾರ ಒಮ್ಮೆ ವೇಗ ಹಿಡಿದರೆ ಗಾಳಿ ಅದನ್ನು ಬೇಗ ತಡೆಯಲಾರದು. ನಾನೇ ಲೆಕ್ಕ ಹಾಕಿದೆ: 80ರಲ್ಲಿ ಗಾಳಿ ಮತ್ತು ಟೈರಿನ ತಡೆ ಎರಡೂ ಸೇರಿ ಸುಮಾರು 3 ಶೇಕಡಾ ಇಳಿಜಾರಿಗೆ ಸಮ. ಅಂದರೆ 100 ಮೀಟರಿಗೆ 3 ಮೀಟರ್ ಇಳಿಯುವ ರಸ್ತೆಯಲ್ಲಿ ಕಾಲು ತೆಗೆದರೂ ವೇಗ ಹೆಚ್ಚು ಕಮ್ಮಿ ಹಾಗೇ ನಿಲ್ಲುತ್ತದೆ. ಸಣ್ಣ ಕಾರು ಓಡಿಸಿ ಅಭ್ಯಾಸ ಆದವರಿಗೆ ಗಾಡಿ ತಾನೇ ಓಡುತ್ತಿದೆ ಅನ್ನಿಸದೆ ಇನ್ನೇನು ಅನ್ನಿಸಬೇಕು?

ಮೇಡಂಗೆ ಫೋನ್ ಮಾಡುವ ಮುಂಚೆ ವರ್ಕ್‌ಶಾಪನ್ನು ಎರಡು ಸುತ್ತು ಹಾಕಿದೆ. ವಿಷಯ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ.

“ನಾನು ಮೊದಲನೇ ದಿನವೇ ಅದನ್ನೇ ಹೇಳಿದ್ದು, ಅಲ್ವಾ? ಕಾಲು ತೆಗೆದ್ರೆ ಓಡುತ್ತೆ ಅಂತ.”

ಹೌದು. ನಮ್ಮ ವರ್ಕ್‌ಶಾಪಿನಲ್ಲಿ ಆ ವಾರ ಯಾರಾದರೂ ಸರಿಯಾಗಿ ಬರೆದ ವಾಕ್ಯ ಇದ್ದರೆ ಅದೊಂದೇ.

ಮರುದಿನ ಅವರನ್ನೇ ಸ್ಟಿಯರಿಂಗ್ ಹಿಂದೆ ಕೂರಿಸಿ ಪಕ್ಕದಲ್ಲಿ ಕೂತೆ. ನಾಲ್ಕು ಸಲ ಕಾಲು ತೆಗೆದು, ಬ್ರೇಕ್ ಮುಟ್ಟಿ, ಪ್ಯಾಡಲ್ ಎಳೆದು ನೋಡಿದರು. ಐದನೇ ಸಲಕ್ಕೆ ಭಯ ಹೋಗಿತ್ತು. ಆಮೇಲೆ ಕೇಳಿದರು: “ಹಾಗಾದ್ರೆ ಗೇರಲ್ಲೇ ಇಳಿದ್ರೆ ಡೀಸೆಲ್ ಜಾಸ್ತಿ ಹೋಗುತ್ತಾ?”

ಒಳ್ಳೆ ಪ್ರಶ್ನೆ. ಇಲ್ಲ, ಉಲ್ಟಾ. ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ, ಡೀಸೆಲ್ ಸೊನ್ನೆ. ಉರುಳುವಾಗ ಎಂಜಿನ್ ಐಡಲ್‌ನಲ್ಲಿ ಇರಬೇಕು, ಅದಕ್ಕೆ ಸ್ವಲ್ಪ ಡೀಸೆಲ್ ಬೇಕೇ ಬೇಕು. ಆದರೆ ಎಂಜಿನ್ ತಡೆ ಇಲ್ಲದೆ ಗಾಡಿ ಇನ್ನೂ ಬಹಳ ದೂರ ಹೋಗುತ್ತದೆ, ಲಾಭ ಇರುವುದು ಅಲ್ಲಿ. ಮುಂದೆ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತುವುದೇ ಆದರೆ ಆ ಲಾಭವೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಯಿತು. ಖಾಲಿ ಹೆದ್ದಾರಿಯಲ್ಲಿ ಉರುಳಲಿ, ಇಳಿಜಾರಿನಲ್ಲಿ ಎಸ್‌ಗೆ ಹಾಕಿ ಅಂದೆ. “ಹಾಗಾದ್ರೆ ನಮ್ಮವರ ಕೀಗೂ ಇಕೋ ಹಾಕಿಬಿಡಿ, ಅವರೂ ಒಂದ್ಸಲ ನೋಡಲಿ” ಅಂದರು. ಅದಕ್ಕೆ ಅವರದೇ ಕೀ ಬೇಕು ಮೇಡಂ ಅಂದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬೇಡ ಅಂತ ಬೈಸಿಕೊಂಡೇ ನಾನು ಡ್ರೈವಿಂಗ್ ಕಲಿತದ್ದು. ಈಗ ಗಾಡಿಯೇ ಹೆಚ್ಚು ಕಡಿಮೆ ಅದನ್ನು ಮಾಡುತ್ತದೆ, ಬ್ರೇಕ್ ಮುಟ್ಟಿದರೆ ವಾಪಸ್ ಬರುತ್ತದೆ ಅನ್ನುವಷ್ಟೇ ವ್ಯತ್ಯಾಸ. ಉಪಾಯವೂ ಹೊಸದಲ್ಲ. ಹಳೆಯ ಟೂ-ಸ್ಟ್ರೋಕ್ ಸಾಬ್ ಕಾರುಗಳಲ್ಲಿ ಫ್ರೀವೀಲ್ ಇತ್ತು, ಕಾಲು ತೆಗೆದರೆ ಚಕ್ರ ಎಂಜಿನ್ನಿನಿಂದ ಬಿಡಿಸಿಕೊಂಡು ಉರುಳುವ ವ್ಯವಸ್ಥೆ. ಪೆಟ್ರೋಲಿನಲ್ಲೇ ಆಯಿಲ್ ಬೆರೆತಿರುತ್ತಿದ್ದರಿಂದ, ಥ್ರಾಟಲ್ ಮುಚ್ಚಿ ಗೇರಿನಲ್ಲಿ ಇಳಿದರೆ ಎಂಜಿನ್ನಿಗೆ ಆಯಿಲ್ ಸಾಲದೆ ಹೋಗುತ್ತಿತ್ತು, ಅದಕ್ಕೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಬಂತು?

ಟೆಕ್ನಿಕಲ್ ಸಪೋರ್ಟಿನ ಉತ್ತರ ಎಲ್ಲಾ ಮುಗಿದ ಮೇಲೆ ಬಂತು. ‘ಇದು ವಾಹನದ ಸಹಜ ವರ್ತನೆ’ ಅಂತ ಒಂದು ಸಾಲು, ಹ್ಯಾಂಡ್‌ಬುಕ್ಕಿನ ಪುಟ ಸಂಖ್ಯೆ. ಈ ಮಾಡೆಲ್ ಬಂದಾಗ ನಮಗೆ ಕೊಟ್ಟ ಟ್ರೈನಿಂಗಿನಲ್ಲಿ ಅರ್ಧ ದಿನ ಟಚ್‌ಸ್ಕ್ರೀನ್ ಬಗ್ಗೆಯೇ ಇತ್ತು, ಛಾವಣಿಯ ಮೋಟರ್ ಬಗ್ಗೆ ಒಂದು ಗಂಟೆ. ಉರುಳುವುದರ ಬಗ್ಗೆ ಸ್ಲೈಡ್ ಇತ್ತಂತೆ, ಜೂನಿಯರ್ ಹುಡುಗ ಹೇಳುತ್ತಾನೆ. ಇದ್ದಿರಬಹುದು.

ಈಗ ನಾನು ಕಾರ್ಡಿನ ಮೇಲುಗಡೆ ಪೆನ್ನಿನಲ್ಲಿ ಎರಡು ವಿಷಯ ಬರೆದುಕೊಳ್ಳುತ್ತೇನೆ: ದೂರು ಯಾರದ್ದು, ಕೀ ಯಾರದ್ದು. ಫಾರಂನಲ್ಲಿ ಅದಕ್ಕೆ ಜಾಗ ಕೊಡಿ ಅಂತ ಎರಡು ಸಲ ಮೇಲ್ ಹಾಕಿದೆ. ‘ಪರಿಶೀಲಿಸುತ್ತೇವೆ’ ಅಂದಿದ್ದಾರೆ.

ಆ ಜಾಬ್ ಕಾರ್ಡ್ ಕ್ಲೋಸ್ ಮಾಡುವಾಗ ಕಾರಣ ಆಯ್ಕೆ ಮಾಡಲು ಸಿಸ್ಟಮ್ ಪಟ್ಟಿ ಕೊಟ್ಟಿತು. ಪಾರ್ಟ್ ದೋಷ, ಸಾಫ್ಟ್‌ವೇರ್ ದೋಷ, ಗ್ರಾಹಕರ ಬಳಕೆ ದೋಷ. ಟೆಕ್ನಿಷಿಯನ್‌ಗೆ ಗೊತ್ತಿರಲಿಲ್ಲ ಅನ್ನೋದು ಅದರಲ್ಲಿ ಇರಲಿಲ್ಲ. ‘ಇತರೆ’ ಒತ್ತಿದೆ.