ಕೊಂಡಿಯೊಳಗಿನ ಶೇಕಡಾ ಚಿಹ್ನೆ

ನಾನೇ ಏರಿಸಿದ ಒಂದು ಕಡತದ ಕೊಂಡಿ ಇಂದು ತೆರೆಯಲೇ ಇಲ್ಲ. ಒಂದು ಗಂಟೆ ಸರ್ವರನ್ನು ಬೈದ ಮೇಲೆ ಕಣ್ಣಿಗೆ ಬಿದ್ದದ್ದು ಕಡತದ ಹೆಸರಿನಲ್ಲಿ ನಾನೇ ಇಟ್ಟಿದ್ದ #. ವಿಳಾಸದಲ್ಲಿ # ಬಂದರೆ ಅಲ್ಲಿಂದ ಮುಂದಿನದನ್ನು ಬ್ರೌಸರ್ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಸರ್ವರಿಗೆ ಕಳಿಸುವುದೇ ಇಲ್ಲ. ಪಾಪ, ಅದು ಅರ್ಧ ಹೆಸರು ಹಿಡಿದುಕೊಂಡು ಹುಡುಕುತ್ತಿತ್ತು. ವಿಳಾಸದಲ್ಲಿ ನೇರವಾಗಿ ಬರೆಯಲಾಗದ ಚಿಹ್ನೆಗೆ % ಮತ್ತು ಅದರ ಹಿಂದೆ ಎರಡು ಸ್ಥಾನದ ಸಂಕೇತ ಬಳಸುತ್ತಾರೆ. ಕೊಂಡಿಯಲ್ಲಿ # ಇದ್ದ ಜಾಗದಲ್ಲಿ ಅದರ ಸಂಕೇತ %23 ಬರೆದೆ, ತೆರೆಯಿತು.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಹುಮ್ಮಸ್ಸಿನಲ್ಲಿ ಇಡೀ ವಿಳಾಸವನ್ನು ಇನ್ನೊಮ್ಮೆ ಸಂಕೇತಕ್ಕೆ ಪರಿವರ್ತಿಸಿದೆ. % ಚಿಹ್ನೆಗೂ ತನ್ನದೇ ಸಂಕೇತ %25 ಇದೆಯಲ್ಲ, ಖಾಲಿ ಜಾಗದ %20 ಹೋಗಿ %2520 ಆಯಿತು. ಮತ್ತೆ ಮೊದಲಿನಿಂದ.

ಕನ್ನಡದ ಕೊಂಡಿಗಳ ಕಥೆ ಇನ್ನೂ ಸೊಗಸು. ಅಕ್ಷರಗಳನ್ನು ಕಂಪ್ಯೂಟರಿಗೆ ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್, ಪ್ರತಿ ಬೈಟಿಗೆ % ಸೇರಿ 3 ಸ್ಥಾನ. ‘ಕನ್ನಡ’ ಎಂದರೆ ಕ, ನ, ಒತ್ತಿಗೆ ಬೇಕಾದ ವಿರಾಮ ಎಂಬ ಚಿಹ್ನೆ (್), ಮತ್ತೊಂದು ನ, ಡ: ಒಟ್ಟು 5 ಚಿಹ್ನೆ, 45 ಸ್ಥಾನ! ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ಹೆಸರಿಗೆ ಇಷ್ಟುದ್ದದ ಮೆರವಣಿಗೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಮುದ್ದಾಗಿ ಕಾಣುವುದನ್ನು ನಕಲಿಸಿ ಯಾರಿಗಾದರೂ ಕಳಿಸಿದರೆ, ‘ಇದು ವೈರಸ್ಸೇ?’ ಎಂದು ಕೇಳುತ್ತಾರೆ. ತಾಯ್ನುಡಿಯನ್ನೇ ಗುರುತಿಸಲಾಗದಂತೆ ಬರೆದು ಕಳಿಸಿದ್ದೇನಲ್ಲ ಎಂದು ನನಗೂ ಒಮ್ಮೊಮ್ಮೆ ಇರುಸುಮುರುಸು.

ಆ ಕಡತದ ಹೆಸರಿನಲ್ಲಿ # ಇನ್ನೂ ಹಾಗೆಯೇ ಇದೆ. ತೆಗೆಯಲು ಸೋಮಾರಿತನ.